ಮುಳ್ಳಿನ ಕಸೂತಿಯ ಕುಲಾವಿ

ಕುಲಾವಿಯ ಅಂಚಿನಲ್ಲಿ ಸಡಿಲವಾಗಿ ಎದ್ದು ನಿಂತಿದ್ದ ಕೆಂಪು ಮುಳ್ಳೊಂದನ್ನು ಲವೀನಾ ಬಿಡಿಸಿ ಬಾಯಿಗಿಟ್ಟುಕೊಂಡಳು. ಮೊಮ್ಮಗಳು ಶೆರಿಸ್ಸಾ ಮಗುವಿಗೆ ಹಾಲೂಡುತ್ತ ನೋಡುತ್ತಲೇ ಇದ್ದಳು. ಗಾಬರಿಯಾದದ್ದು ಕುಲಾವಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ತಂದಿದ್ದ ಮ್ಯೂಸಿಯಮ್ಮಿನ ಹೆಂಗಸಿಗೆ.

"ಉಗೀರಿ ತಾಯಿ. ಈಗ್ಲೇ ಉಗೀರಿ."

ಲವೀನಾ ಉಗಿಯಲಿಲ್ಲ. ಮುಳ್ಳುಹಂದಿಯ ಮುಳ್ಳು ಎಂಜಲಲ್ಲಿ ನೆನೆದು ಮೆತ್ತಗಾಗಬೇಕು, ಹಲ್ಲಿನ ನಡುವೆ ಎಳೆದು ಚಪ್ಪಟೆ ಮಾಡಬೇಕು, ಆಮೇಲೆ ಜಿಂಕೆಚರ್ಮಕ್ಕೆ ಹೊಲಿಯಬೇಕು. ಅವಳ ಅಜ್ಜಿ ಈ ಕುಲಾವಿಯನ್ನು ಹೊಲಿದದ್ದೂ ಹಾಗೆಯೇ. ಬಿಳಿಯರು ತಮ್ಮ ಮ್ಯೂಸಿಯಮ್ಮಿಗೆ ಕೊಂಡೊಯ್ದಿದ್ದ ಅದು ಇವತ್ತು ಅವಳ ಬುಡಕಟ್ಟಿನ ಊರಾದ ರೋಸ್‌ಬಡ್‌ಗೆ ಮರಳಿತ್ತು. ನಾಳೆ ಶೆರಿಸ್ಸಾಳ ಮಗುವಿಗೆ ಹೆಸರಿಡುವಾಗ ಇದನ್ನೇ ತೊಡಿಸುವುದೆಂದು ಲವೀನಾ ನೆಂಟರಿಗೆಲ್ಲ ಹೇಳಿಯಾಗಿತ್ತು.

ಶೆರಿಸ್ಸಾ ಎದ್ದು ಬಂದು ಅವಳ ಗಲ್ಲ ಹಿಡಿದಳು. "ಕೊಡಜ್ಜಿ. ಎಲುಬು ಸಿಕ್ಕಿದ ನಾಯಿ ಹಾಗೆ ಕಚ್ಕೊಂಡಿದೀಯಲ್ಲ."

"ಇರೋದೇ ನಾಲ್ಕು ಹಲ್ಲು. ಅವಕ್ಕೊಂದು ಕೆಲಸ ಸಿಕ್ಕಿದ್ರೆ ನಿಮಗೆ ಹೊಟ್ಟೆಯುರಿ," ಎನ್ನುತ್ತ ಲವೀನಾ ಮುಳ್ಳನ್ನು ಅಂಗೈಗೆ ಉಗಿದಳು.

"ಹುಳ ಹಿಡೀದಿರ್ಲಿ ಅಂತ ಆಗ ನಮ್ಮವರು ಇದಕ್ಕೆ ಪಾಷಾಣ ಹಾಕಿದ್ರು," ಎಂದಳು ಹೆಂಗಸು. "ಪೆಟ್ಟಿಗೆ ತೆಗೆಯೋಕೆ ಮುಂಚೇನೇ ನಾನು ಹೇಳ್ಬೇಕಿತ್ತು."

"ತೊಳೆದ್ರೆ?" ಎಂದಳು ಲವೀನಾ.

"ಹೋಗಲ್ಲ."

"ಒಂದು ಗಳಿಗೆ ಹಾಕಿ ತೆಗೆದ್ಬಿಟ್ರೆ?"

"ಬೇಡ ತಾಯಿ. ಮಗು ಅದು."

ಲವೀನಾ ಕುಲಾವಿಯ ಕಡೆ ನೋಡಿದಳು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. "ಹುಳ ತಿಂದಿದ್ರೂ ನಮ್ಮ ಮನೇಲೇ ತಿಂದಿರೋದು," ಎಂದಳು.

ಹೆಂಗಸು ಲವೀನಾಳನ್ನು ಹಿತ್ತಲ ನಲ್ಲಿಯ ಹತ್ತಿರ ಕರೆದೊಯ್ದು ಬಾಯಿ ಮುಕ್ಕಳಿಸಲು ನೀರು ಕೊಟ್ಟಳು. ಆಮೇಲೆ ಕೆಸರಿನಲ್ಲೇ ಮಂಡಿಯೂರಿ, ಅವಳ ಒಂದೊಂದು ಬೆರಳಿಗೂ ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ ತೊಳೆದಳು.

"ಮೆಲ್ಲಗೆ," ಎಂದಳು ಲವೀನಾ. "ಸೂಜಿ ಹಿಡಿಯೋ ಕೈ."

ಮರುದಿನ ಮಗು ಅಂಗಡಿಯ ಹಳದಿ ಟೋಪಿ ಹಾಕಿಕೊಂಡಿತ್ತು. ಅಂಗಳದಲ್ಲಿ ಡೋಲು ಶುರುವಾಗಿತ್ತು. ಕುಲಾವಿ ಗಾಜಿನ ಪೆಟ್ಟಿಗೆಯೊಳಗೆ ಕಪಾಟಿನ ಮೇಲಿತ್ತು. ಲವೀನಾ ಮಗುವಿನ ಟೋಪಿ ತೆಗೆದು, ಮಗುವನ್ನು ಪೆಟ್ಟಿಗೆಯ ಎದುರು ಎತ್ತಿ ಹಿಡಿದಳು. ಸ್ವಲ್ಪ ಎಡಕ್ಕೆ ಸರಿಸಿದಳು, ಸ್ವಲ್ಪ ಕೆಳಗಿಳಿಸಿದಳು. ಗಾಜಿನಲ್ಲಿ ಮೂಡಿದ ಮಗುವಿನ ಮುಖ ಕುಲಾವಿಯ ಕೆಳಗೆ ಸರಿಯಾಗಿ ಬಂದು ನಿಂತಿತು.

"ಅಜ್ಜಿ, ಎಲ್ರೂ ಕಾಯ್ತಿದಾರೆ," ಎಂದು ಶೆರಿಸ್ಸಾ ಬಾಗಿಲಿನಿಂದ ಕರೆದಳು.

"ಬಂದೆ," ಎಂದಳು ಲವೀನಾ. ಮಗುವನ್ನು ಅಲುಗಿಸದೆ ಹಿಡಿದೇ ಇದ್ದಳು.