ಮುಳುಗಬೇಕಾದ ಹುಳು

ಗೌಜಲಹಕ್ಕಿಯ ಪುಕ್ಕದ ಎಳೆಯೊಂದು ಹೆಬ್ಬೆರಳಿಗೆ ಅಂಟಿಕೊಂಡು ಬಿಡಲೊಲ್ಲದು, ಎಂಜಲು ಹಚ್ಚಿ ತೆಗೆದೆ, ಬಾಯಲ್ಲಿ ಜೇನುಮೇಣದ ರುಚಿ — ಬಸ್ಸಿನ ಹಾರ್ನ್ ಕೇಳಿಸಿತಲ್ಲ, ಅಂದರೆ ನನ್ನ ಮೈದುನ ನಜೀರ್ ಹತ್ತಿದ, ಮದ್ದೂರು ಬಿಟ್ಟ, ಇನ್ನು ಮಳವಳ್ಳಿ, ಅಲ್ಲಿಂದ ಶಿವನಸಮುದ್ರ, ಇಂಗ್ಲಿಷ್ ದೊರೆಯ ಬಂಗಲೆ, ಹೋಗಲಿ, ಹೋಗಿ ನಾನು ಕಟ್ಟಿಕೊಟ್ಟ ಡಬ್ಬಿ ಬಿಚ್ಚಲಿ. ಕೊಕ್ಕೆಯನ್ನು ಇಕ್ಕಳಕ್ಕೆ ಕಚ್ಚಿಸಿದ್ದೇನೆ, ಮೀನಿನ ಗಾಳಕ್ಕೆ ಕಟ್ಟುವ ಸುಳ್ಳುಹುಳು, ಇದು ಹದಿಮೂರನೆಯದು, ಇದನ್ನು ಸರಿಯಾಗಿ ಕಟ್ಟುತ್ತೇನೆ. ದೊರೆ ಇದಕ್ಕೆ ನಿಂಫ್ ಅನ್ನುತ್ತಾನಂತೆ, ರೆಕ್ಕೆ ಮೂಡುವ ಮೊದಲಿನ ಹುಳು, ನೀರಿನ ತಳದಲ್ಲಿ ಕಲ್ಲು ಹಿಡಿದು ಬದುಕುವುದು, ಊಟಿಯ ತಣ್ಣೀರಿನಲ್ಲಿ ಟ್ರೌಟ್ ಅನ್ನುವ ಮೀನು ಇದನ್ನೇ ಹುಡುಕಿ ತಿನ್ನುತ್ತದಂತೆ, ನಾನು ಕಂಡ ಮೀನೆಲ್ಲ ಶಿಂಷೆಯವು, ಎರೆಹುಳುವಿಗೇ ಬಾಯಿ ಬಿಡುವಂಥವು. ಮೊದಲು ತಾಮ್ರದ ತಂತಿ, ಕರೆಂಟಿನವರು ಬಿಸಾಕಿದ ಎಳೆ, ಕೊಕ್ಕೆಯ ಬೆನ್ನಿಗೆ ಒತ್ತಾಗಿ ಸುತ್ತು, ಆ ಮೇಲೆ ರೇಷ್ಮೆ ದಾರಕ್ಕೆ ಹೊಸೆದ ಮೊಲದ ಕಿವಿಯ ತುಪ್ಪಳ — ತುಪ್ಪಳದ ಒಳಗೆ ತಂತಿ ಇದೆಯೋ ಇಲ್ಲವೋ ಕಣ್ಣಿಗೆ ಕಾಣದು, ನೀರಿಗೆ ಬಿಟ್ಟಾಗಲೇ ಗೊತ್ತಾಗುವುದು, ಇದ್ದರೆ ಮುಳುಗೀತು, ಇಲ್ಲದಿದ್ದರೆ ತೇಲೀತು. ಇದನ್ನು ನನಗೆ ಕಲಿಸಿದ್ದು ನನ್ನ ಗಂಡ ಅಫ್ಸರ್ ಪಾಷಾ, ದೊರೆಯ ಕಾರು ಓಡಿಸುತ್ತಿದ್ದವರು, ಬೇಸಗೆಗೆಲ್ಲ ಅವನ ಜೊತೆ ಊಟಿಗೆ ಹೋಗಿ ನೋಡಿ ನೋಡಿ ಕಲಿತು ಬಂದರು, ಜ್ವರದಲ್ಲಿ ತೀರಿಕೊಳ್ಳುವಾಗಲೂ ಬೆರಳು ಗಾಳಿಯಲ್ಲಿ ದಾರ ಸುತ್ತುತ್ತಿತ್ತು. ಆಮೇಲೆ ಮೂರು ವರ್ಷದಿಂದ ಪರದೆಯ ಹಿಂದೆ ಕೂತು ಕಟ್ಟುವವಳು ನಾನು, ತಲುಪಿಸುವವನು ಸೈಕಲ್ ರಿಪೇರಿಯ ನಜೀರ್, ದೊರೆಯ ಎದುರು ನಿಲ್ಲುವವನೂ ಅವನೇ.

ಈಗ ದೊರೆ ದೇಶ ಬಿಟ್ಟು ಹೊರಟಿದ್ದಾನೆ, ಬಿಳಿಯರೆಲ್ಲ ಹೊರಟಿದ್ದಾರೆ, ಹೋಗುವ ಮುಂಚೆ ಊಟಿಯ ಗಾಳದ ಅಂಗಡಿಗೆ ಒಂದು ಕಾಗದ ಬರೆದುಕೊಡುತ್ತಾನಂತೆ, ಈ ಹುಳು ಕಟ್ಟುವ ಕೈ ಇಂಥವರದು, ಇವರಿಗೇ ಕೆಲಸ ಕೊಡಿ ಅಂತ. ಕಾಗದದಲ್ಲಿ ಯಾರ ಹೆಸರಿದೆಯೋ ಕೆಲಸ ಅವರದು. ನನ್ನ ಮತ್ತು ನನ್ನ ಮಗಳು ಅಜೀಜಾಳ ಅನ್ನ ಆ ಹೆಸರಿನಲ್ಲಿದೆ. ಹೋದ ಸಲ ಬಂಗಲೆಯಿಂದ ಬಂದ ನಜೀರ್ ಹೇಳಿದ, ಭಾಬಿ, ಯಾರು ಕಟ್ಟೋದು ಅಂತ ಕೇಳಿದ್ರು ದೊರೆ, ನಮ್ಮನೇಲೇ ಕಟ್ತೀವಿ ಅಂದೆ. ಕಟ್ತೀವಿ? ಯಾವಾಗ ಕಟ್ಟಿದ ಇವನು? ಅಂದಿನಿಂದ ಪರದೆಯ ಹತ್ತಿರ ಕೂರತೊಡಗಿದ, ಟೀ ಆರಿಹೋದರೂ ಏಳದೆ. ಪಂಕ್ಚರ್ ಹಾಕುವವನು ಹುಳು ಕಟ್ಟುವವರಂತೆ ಹೆಬ್ಬೆರಳ ಉಗುರು ಯಾಕೆ ಬೆಳೆಸಿದ? ಅಜೀಜಾ, ನಿಮ್ಮಮ್ಮಿ ಎಷ್ಟು ಸುತ್ತು ಹಾಕ್ತಾರೆ? ಎಣಿಸಿಲ್ಲ ಚಾಚಾ, ನೀವು ಎಣಿಸೋಕೆ ಬಂದಿದ್ದೀರಾ? ಹುಡುಗಿ ನಕ್ಕಳು, ಅವನು ನಗಲಿಲ್ಲ, ಆ ನಗದ ಮುಖವನ್ನು ನಾನು ಪರದೆಯ ಸಂದಿಯಿಂದ ನೋಡಿದೆ. ಅದಕ್ಕೇ ಭಾನುವಾರ ಹನ್ನೆರಡು ಹುಳು ಕಟ್ಟಿದೆ, ಹನ್ನೆರಡರಲ್ಲೂ ತಂತಿ ಸುತ್ತದೆ ಬಿಟ್ಟೆ. ದೊರೆಯ ಪದ್ಧತಿ ನನಗೆ ಗೊತ್ತು, ಬಿಳಿಯ ಪಿಂಗಾಣಿ ಬಟ್ಟಲಿನಲ್ಲಿ ನೀರು ತರಿಸಿ ಒಂದೊಂದನ್ನೇ ಬಿಟ್ಟು ನೋಡುತ್ತಾನೆ. ತೇಲುತ್ತವೆ. ಯಾರು ಕಟ್ಟಿದ್ದು ಅನ್ನುತ್ತಾನೆ, ನಾನು ಅನ್ನುತ್ತಾನೆ ನಜೀರ್, ಹಾಗಾದರೆ ಇಲ್ಲೇ ಸರಿಮಾಡು ಅನ್ನುತ್ತಾನೆ, ಆಗ ಬೆವರಲಿ, ಬಿಳಿಯ ಬಟ್ಟಲನ್ನು ನೋಡಿ ಬೆವರಲಿ, ಓಡಿ ಬರಲಿ ನನ್ನ ಬಾಗಿಲಿಗೆ, ಹದಿಮೂರನೆಯದು ಇಲ್ಲಿದೆ, ಮುಳುಗುವುದು ಇದು, ಕಟ್ಟಿದವಳು ಯಾರು ಅಂತ ಹೋಗಿ ಹೇಳು ಅನ್ನುತ್ತೇನೆ.

ಯಾರದು — ಏನ್ ಬುಬಮ್ಮ, ಒಳ್ಗಿದ್ದೀಯಾ, ಪುಕ್ಕ ತಂದಿವ್ನಿ. ಚಿಕ್ಕಬೋರಮ್ಮ, ಹಕ್ಕಿ ಹಿಡಿಯುವವನ ಹೆಂಡತಿ, ಮಡಿಲಿನಿಂದ ಪೊಟ್ಟಣ ತೆಗೆದು ಹಜಾರದಲ್ಲೇ ಕುಕ್ಕರಿಸಿದಳು. ಬಸ್‌ಸ್ಟ್ಯಾಂಡ್ ತಾವು ನಿನ್ ಮೈದ್ನ ಕಂಡ ಕಣವ್ವ, ಅರ್ಜಿ ಬರಿಯೋ ಅಂಕಯ್ಯನ ಮುಂದ್ಗಡೆ ಕುಂತಿದ್ದ, ಇಂಗ್ಲೀಸ್ನಾಗೆ ಒಂದ್ ಎಸ್ರು ಬರ್ಕೊಡು ಅಂತ. ತನ್ನದೇ ಇರಬೇಕು ಅಂದೆ. ಅಯ್, ಅವ್ನದಲ್ಲ ಬುಡು, ಅಂಕಯ್ಯನೂ ಬೈದ, ಗಂಡ್ಸಾಗಿ ಎಂಗಸಿನ ಎಸ್ರು ಬರುಸ್ತೀಯಲ್ಲೋ, ನಿಂಗೇನ್ ಎಸ್ರಿಲ್ವಾ ಅಂದ, ಅದ್ಕೆ ಇವ್ನು, ಕಟ್ಟೋರು ನಮ್ ಅತ್ಗೆ, ನನ್ ಎಸ್ರು ಯಾಕ್ಲಾ ಬರೀಲಿ, ಬರಿ, ಅಬೀಬುನ್ನೀಸಾ, ಅಪ್ಸರ್ ಪಾಸಾ ಎಂಡ್ರು ಅಂದ, ಎಲ್ಡು ಸಲ ಬರುಸ್ದ, ಬರ್ದಿದ್ದ ಕಾಗ್ದನ ಡಬ್ಬಿ ಒಳಗೇ ಮಡುಗ್ದ. ಸುಳ್ಳು, ಇವಳೇ ಕಟ್ಟಿ ಹೇಳುತ್ತಿದ್ದಾಳೆ, ನನ್ನ ಬಾಯಿ ಬಿಡಿಸೋಕೆ — ಆದರೆ ನನ್ನ ಹೆಸರು ಇವಳಿಗೆ ಹೇಗೆ ಗೊತ್ತು, ಇಷ್ಟು ವರ್ಷ ಬುಬಮ್ಮ ಅಂತಲೇ ಕರೆದವಳು. ಯಾಕವ್ವ, ಮೊಕ ಇಂಗ್ ಬಿಳಚ್ಕಂಡದೆ, ನೀರ್ ಕುಡೀತೀಯಾ? ಮುಂದಿನ ಬಸ್ಸು ಎರಡು ಗಂಟೆಗೆ, ಅಷ್ಟರಲ್ಲಿ ಅವನು ಬಂಗಲೆಯ ಮೆಟ್ಟಿಲು ಹತ್ತಿರುತ್ತಾನೆ, ಚಪ್ಪಲಿ ಬಿಟ್ಟಿರುತ್ತಾನೆ, ದೊರೆ ಕಾಗದ ಓದುತ್ತಾನೆ, ಹಬೀಬುನ್ನೀಸಾ, ಗಟ್ಟಿಯಾಗಿ ಓದುತ್ತಾನೆ, ತಲೆದೂಗುತ್ತಾನೆ, ನೀರು ತಾ ಅನ್ನುತ್ತಾನೆ, ತರುತ್ತಾರೆ, ಬಟ್ಟಲು ಮೇಜಿನ ಮೇಲೆ, ಮೊದಲನೆಯದನ್ನು ಎರಡು ಬೆರಳಲ್ಲಿ ಎತ್ತಿ ಬಿಡುತ್ತಾನೆ, ಕಾಯುತ್ತಾನೆ, ನಜೀರ್ ಬಗ್ಗಿ ನೋಡುತ್ತಾನೆ, ಮುಳುಗುತ್ತೆ ಸಾಹೇಬ್ರೇ, ನಮ್ಮ ಭಾಬಿ ಕಟ್ಟಿದ್ದು, ಈಗ ಮುಳುಗುತ್ತೆ ನೋಡಿ — ಬಿಳಿಯ ಬಟ್ಟಲು, ಅಲುಗದ ನೀರು, ಅದರ ಮೇಲೆ ಹುಳು, ತುಪ್ಪಳ ಕೂಡ ತೋಯದೆ, ಮೇಲೇ, ಇನ್ನೂ ಮೇಲೇ