ಹಗ್ಗದಕ್ಕ

ಯಾವ ಕೋಣೆಗೆ ಕಾಲಿಟ್ಟರೂ ನನ್ನ ಅತ್ತಿಗೆಯ ದೃಷ್ಟಿ ಮೊದಲು ಹರಿಯುವುದು ಚಾವಣಿಯ ಮೂಲೆಗಳ ಕಡೆಗೆ. ಮನುಷ್ಯರ ಸರದಿ ಆಮೇಲೆ. ಅಣ್ಣನೊಡನೆ ಮೊದಲ ಸಲ ನಮ್ಮ ಮನೆಗೆ ಬಂದಾಗಲೂ ನಾಲ್ಕು ಮೂಲೆಗಳನ್ನು ಸಾವಧಾನವಾಗಿ ಪರಾಂಬರಿಸಿದ ಮೇಲೆಯೇ ಆಕೆ ನಮ್ಮತ್ತ ತಿರುಗಿ ನಕ್ಕದ್ದು. ಅಮ್ಮನ ಮುಖ ಸಣ್ಣದಾಯಿತು. "ಜೇಡರಬಲೆ ಹುಡುಕ್ತಿದೀಯೇನಮ್ಮಾ? ನಿನ್ನೆ ತಾನೇ ಹೊಡೆದಿದೀನಿ." "ಅಯ್ಯೋ ಇಲ್ಲಮ್ಮ, ಹಗ್ಗ ಎಲ್ಲಿಂದ ಎಳೀಬಹುದು ಅಂತ ನೋಡ್ದೆ!"

ಆಕೆಯ ಕಸುಬೇ ಅದು. ರೋಬೋ ಎಂದರೆ ಕೈಕಾಲುಳ್ಳ ಲೋಹದ ಪುರುಷಾಕೃತಿಯೆಂದು ನಂಬಿದ್ದ ನನಗೆ ಆಕೆ ತನ್ನ ಪ್ರಯೋಗಶಾಲೆಯಲ್ಲಿ ತೋರಿಸಿದ್ದು, ಎಂಟು ಉಕ್ಕಿನ ಹಗ್ಗಗಳ ನಡುವೆ ಗಾಳಿಯಲ್ಲಿ ತೂಗುವ ಒಂದು ತೊಟ್ಟಿಲನ್ನು. ಪ್ರತಿ ಹಗ್ಗದ ಬುಡದಲ್ಲೊಂದು ಮೋಟಾರು. ಒಂದು ಸುತ್ತಿಕೊಂಡಂತೆ ಇನ್ನೊಂದು ಬಿಟ್ಟುಕೊಡುತ್ತ, ಯಾವುದೂ ಸಡಿಲಾಗದೆ, ತೊಟ್ಟಿಲು ಬೇಕೆಂದ ಬಿಂದುವಿಗೆ ಹೋಗಿ ನಿಲ್ಲುತ್ತಿತ್ತು. "ಹಗ್ಗಕ್ಕೆ ಎಳೆಯೋದೊಂದೇ ಗೊತ್ತು, ತಳ್ಳೋಕೆ ಬರಲ್ಲ. ಅದಕ್ಕೇ ಎಂಟೂ ಜಗಳ ಆಡ್ಕೊಂಡೇ ಒಟ್ಟಿಗಿರ್ಬೇಕು, ನಮ್ಮನೆ ಥರ."

ಹಗ್ಗ ಹೊರಡುವ ಕಂಬಗಳೂ ಹಳಿಯ ಮೇಲೆ ಜರುಗಬೇಕು, ಜಾಗಕ್ಕೆ ತಕ್ಕಂತೆ ಯಂತ್ರ ತನ್ನ ರೂಪವನ್ನೇ ಬದಲಿಸಿಕೊಳ್ಳಬೇಕು ಎಂಬುದು ಆಕೆಯ ಹಟ. ಪ್ರಯೋಗಶಾಲೆಯ ಮುಖ್ಯಸ್ಥರಿಗೆ ಅದು ಒಲ್ಲದ ಮಾತು. "ಕಂಬ ಅಲ್ಲಾಡಿದ್ರೆ ಲೆಕ್ಕಾನೂ ಅಲ್ಲಾಡುತ್ತೆ ಕಣಮ್ಮ," ಎನ್ನುವರು. ಆಕೆ ವಾದಿಸುತ್ತಿರಲಿಲ್ಲ. ಅಣ್ಣನ ಹಳೆಯ ನೀಲಿ ಕೋಟನ್ನು ಮೊಣಕಾಲವರೆಗೆ ಇಳಿಬಿಟ್ಟುಕೊಂಡು, ರಾಟೆ, ಕೊಕ್ಕೆ, ನಟ್ಟುಗಳಿಂದ ಜೋತುಬಿದ್ದ ಅದರ ಜೇಬುಗಳನ್ನು ಝಣಝಣಿಸುತ್ತ, ಒಂದು ಭುಜ ತಗ್ಗಿಸಿ ನಡೆದು ಮನೆಗೆ ಬಂದು, ಬಟ್ಟೆ ಒಣಹಾಕುವ ಹಗ್ಗವನ್ನು ಹೊಸ ಗೋಡೆಗೆ ಕಟ್ಟುತ್ತಿದ್ದಳು. "ಈ ಮನೇಲಿ ನನ್ನ ಸೀರೆ ಹುಡುಕೋಕೂ ನಕಾಶೆ ಬೇಕು," ಎಂದು ಅಮ್ಮ ಗೊಣಗುವಳು. ಹಗ್ಗದಕ್ಕ ಎಂದು ಹೆಸರಿಟ್ಟವಳೂ ಅಮ್ಮನೇ. ಸಹೋದ್ಯೋಗಿಗಳು ಅದನ್ನು ಎತ್ತಿಕೊಂಡರು.

ನಗರದ ಹಳೆಯ ಗ್ರಂಥಾಲಯದ ಗುಮ್ಮಟದ ಒಳಮೈಯಲ್ಲಿ ನಕ್ಷತ್ರಖಚಿತ ಆಕಾಶದ ವರ್ಣಚಿತ್ರವಿದೆ. ಅದರ ಗಾರೆ ಹಕ್ಕಳೆಯೆದ್ದು ಉದುರತೊಡಗಿತು. ಕೆಳಗೆ ನೆಲಮಾಳಿಗೆ, ಸಾರುವೆ ಕಟ್ಟಿದರೆ ನೆಲವೇ ಕುಸಿದೀತು. ಚಿತ್ರವನ್ನು ಕೆಡವಿಬಿಡುವ ಮಾತು ನಡೆದಾಗ ಹಗ್ಗದಕ್ಕ ತನ್ನ ತೊಟ್ಟಿಲನ್ನು ಮುಂದಿಟ್ಟಳು. ಮುಖ್ಯಸ್ಥರನ್ನು ಹೇಗೋ ಒಪ್ಪಿಸಿ, ಗುಮ್ಮಟದ ಬುಡವನ್ನು ಸುತ್ತುವರಿದ ಮೊಗಸಾಲೆಯಲ್ಲಿ ಹಳಿ ಹಾಸಿ, ಕಂಬಗಳನ್ನು ನಿಲ್ಲಿಸಿ, ಅವನ್ನು ಜರುಗಿಸುತ್ತ ಮರಳಿನ ಮೂಟೆಗಳನ್ನು ಏರಿಸಿ ಇಳಿಸಿ ಪರೀಕ್ಷಿಸಿದ ಮೇಲೆ, ಚಿತ್ರಗಳನ್ನು ದುರಸ್ತಿ ಮಾಡುವ ಹಿರಿಯ ಕಲಾವಿದೆಯೊಬ್ಬರು ಸೊಂಟಕ್ಕೆ ಪಟ್ಟಿ ಬಿಗಿದು ಮೇಲೇರಿದರು.

ಅಂದು ಅಮ್ಮನೂ ನಾನೂ ಕೆಳಗೆ ಹಗ್ಗ ಕಟ್ಟಿದ ಗೆರೆಯಾಚೆ ನಿಂತಿದ್ದೆವು. ಬೆಳಗಿನ ಕೆಲಸ ನಿರಾತಂಕವಾಗಿ ಸಾಗಿತು. ಆಮೇಲೆ, ಪರಾತದಷ್ಟಗಲದ ಗಾರೆಯ ಚಕ್ಕೆಯೊಂದು ಏಕಾಏಕಿ ಸಡಿಲಗೊಂಡಿತು. ಕಲಾವಿದೆ ಎರಡೂ ಅಂಗೈಗಳಿಂದ ಅದರ ಒಂದಂಚನ್ನು ಒತ್ತಿಹಿಡಿದರು. ಇನ್ನೊಂದಂಚು ತೋಳಳತೆಯಾಚೆ ಬಾಯಿಬಿಡುತ್ತಿತ್ತು. ತೊಟ್ಟಿಲು ಇಳಿದರೆ ಆಕಾಶದ ಆ ತುಂಡು ನೆಲದ ಪಾಲು. ಮುಂದೆ ಸರಿಯೋಣವೆಂದರೆ ಹಗ್ಗವೊಂದು ಮೊಗಸಾಲೆಯ ಕಲ್ಲುಕಂಬಕ್ಕೆ ತಾಗುತ್ತಿತ್ತು.

"ಇಳಿಸಿಬಿಡಮ್ಮ. ಹೋದ್ರೆ ಒಂದು ತುಂಡು ಹೋಯ್ತು," ಎಂದರು ಮುಖ್ಯಸ್ಥರು.

ಹಗ್ಗದಕ್ಕ ಮೇಲಿದ್ದ ಕಲಾವಿದೆಯತ್ತ ನೋಡಿದಳು. "ಅಮ್ಮಾ, ಒಂದು ಕಂಬ ಜರುಗಿಸ್ತೀನಿ. ಉಳಿದ ಏಳು ಹಗ್ಗ ನಿಮ್ಮನ್ನ ಹಿಡ್ಕೊಂಡಿರುತ್ತೆ. ಮೂಟೆ ಇಟ್ಟು ಮಾಡಿದೀನಿ, ಮನುಷ್ಯರನ್ನ ಇಟ್ಟು ಮಾಡಿಲ್ಲ. ಬೇಡ ಅಂದ್ರೆ ಈಗ್ಲೇ ಇಳಿಸ್ತೀನಿ."

"ಮೂಟೆಗಿಂತ ನಾನು ಹಗುರ ಕಣೇ. ಕೈ ಸೋಲ್ತಿದೆ, ಬೇಗ ಮಾಡು!"

ಹಗ್ಗದಕ್ಕನ ಬೆರಳು ಗುಂಡಿಯೊತ್ತಿತು. ಕಂಬ ಹಳಿಯ ಮೇಲೆ ಬಸವನಹುಳುವಿನಂತೆ ತೆವಳಿತು. ಅದರ ಹಗ್ಗ ಕಲ್ಲುಕಂಬವನ್ನು ಬಿಟ್ಟು ದೂರ ಸರಿಯಿತು. ತೊಟ್ಟಿಲು ಮಾತ್ರ ನಿಂತ ನೀರಿನ ಮೇಲಿನ ಎಲೆಯಂತೆ ನಿಶ್ಚಲ. ಎಂಟೂ ಹಗ್ಗಗಳು ಮತ್ತೆ ಬಿಗಿದವು. ತೊಟ್ಟಿಲು ಮೆಲ್ಲನೆ ಮುಂದೆ ತೇಲಿತು. ಕಲಾವಿದೆಯ ಒಂದು ತೋಳು ಇಡೀ ಚಕ್ಕೆಯನ್ನು ಒತ್ತಿ ಬಾಯಿಬಿಟ್ಟ ಅಂಚನ್ನೂ ಮುಚ್ಚಿತು, ಇನ್ನೊಂದು ಕೈ ಅಂಟಿನ ಪಿಚಕಾರಿಯನ್ನು ಹುಡುಕಿತು. ಬಹಳ ಹೊತ್ತಿನ ಮೇಲೆ ಮೇಲಿನಿಂದ ದನಿ ಬಂತು: "ಕೂತಿದೆ! ಒಂದು ಚುಕ್ಕೀನೂ ಬಿದ್ದಿಲ್ಲ!"

ಮೌನ ಪಾಲಿಸಿರೆಂಬ ಫಲಕದ ಕೆಳಗೇ ನಿಂತು ಅಮ್ಮ, "ನಮ್ಮ ಸೊಸೆ ಅದು!" ಎಂದು ಕೂಗಿದಳು. ಇಡೀ ಗುಮ್ಮಟ ಆ ಮಾತನ್ನು ಮೂರ್ನಾಲ್ಕು ಸಲ ಒಪ್ಪಿಕೊಂಡಿತು. ಚಪ್ಪಾಳೆ ಶುರುಮಾಡಿದವರು ಮುಖ್ಯಸ್ಥರು. "ಲೆಕ್ಕ ಅಲ್ಲಾಡ್ಲಿಲ್ಲ ಕಣಮ್ಮ," ಎಂದ ಅವರ ಕಂಠ ಮಾತ್ರ ತುಸು ಅಲ್ಲಾಡಿತ್ತು. ಹಗ್ಗದಕ್ಕ ನಗುತ್ತಲೇ ಕೋಟಿನ ತೋಳಿನಿಂದ ಕಣ್ಣೊರಸಿಕೊಂಡಳು.

ಅಡ್ಡಿ ಎದುರಾದಾಗ ಇನ್ನಷ್ಟು ಬಲವಾಗಿ ಜಗ್ಗುವ ಧೀರರನ್ನು ನಾವು ಬೇಕಾದಷ್ಟು ಕಂಡಿದ್ದೇವೆ, ಕೈಬಿಟ್ಟು ಹಿಂದಿರುಗುವ ವಿವೇಕಿಗಳನ್ನೂ ಕಂಡಿದ್ದೇವೆ. ಹೊತ್ತ ಭಾರವನ್ನು ಕೆಳಗಿಡದೆಯೇ ತಾವು ನಿಂತ ನೆಲೆಯನ್ನು ಬದಲಿಸಬಲ್ಲವರು ವಿರಳ. ಅಂಥವರ ಮನೆಯಲ್ಲಿ ಯಾವ ವಸ್ತುವೂ ಇಟ್ಟ ಕಡೆ ಇರುವುದಿಲ್ಲ, ನಿಜ. ಆದರೆ ಅವರನ್ನು ನಂಬಿ ಮೇಲೇರಿದವರು ಮಾತ್ರ ಸುರಕ್ಷಿತವಾಗಿ ನೆಲ ಮುಟ್ಟುತ್ತಾರೆ.