ಸೊನ್ನೆಗೂ ತೆರಿಗೆ

“ಅಕಾರ ಎಲ್ಲಿ ಬರುತ್ತೆ, ಹಕಾರ ಎಲ್ಲಿ ಬರುತ್ತೆ ಅಂತ ಗೊತ್ತಿಲ್ಲದ ಹೆಬ್ಬೆಟ್ಟು, ಪುರಸಭೆಗೆ ಬುದ್ಧಿ ಹೇಳೋಕೆ ಬಂದಿದೆ ನೋಡಿ,” ಅಂದರು ಮುಖ್ಯಾಧಿಕಾರಿ.

ಅಂದದ್ದು ನನಗೆ. ಸಭಾಂಗಣದಲ್ಲಿ ನಮ್ಮ ಬೀದಿಯ ಅರವತ್ತು ಅಂಗಡಿಯವರು ಕೂತಿದ್ದರು. ಹೊಸ ತೆರಿಗೆ ಬೇಡ ಅಂತ ಅವರೆಲ್ಲರ ಪರವಾಗಿ ನಾನು ಬರೆದ ಅರ್ಜಿ ಮುಖ್ಯಾಧಿಕಾರಿಯ ಕೈಯಲ್ಲಿತ್ತು. ಮೊದಲ ಸಾಲನ್ನು ಅವರು ಕನ್ನಡಕ ಏರಿಸಿಕೊಂಡು, ರಾಗ ಎಳೆದು ಓದಿದರು: “ನಮ್ಮೂರನ್ನು ಹಾಳುವ ಮಾನ್ಯ ಅಧಿಕಾರಿಗಳಿಗೆ.”

‘ಆಳುವ’ ಅಂತ ಬರೆಯಬೇಕಿತ್ತು. ಗೌರವ ಸ್ವಲ್ಪ ಜಾಸ್ತಿಯೇ ಇರಲಿ ಅಂತ ಒಂದು ಹಕಾರ ಸೇರಿಸಿಬಿಟ್ಟಿದ್ದೆ. ಸಭೆ ಬಿದ್ದು ಬಿದ್ದು ನಕ್ಕಿತು. ನಮ್ಮ ಎದುರು ಅಂಗಡಿಯ ದರ್ಜಿ ಅಣ್ಣನಂತೂ ಕಣ್ಣೊರೆಸಿಕೊಂಡು ನಕ್ಕ. ಅರ್ಜಿಯ ಎರಡನೇ ಸಾಲನ್ನು ಯಾರೂ ಓದಲಿಲ್ಲ.

ಹೊರಗೆ ಬಂದಾಗ ನನ್ನ ಕಿವಿ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಮಾವ ಜೊತೆಗಿದ್ದ. ಅಮ್ಮನ ತಮ್ಮ, ನನ್ನ ಕೈಗೆ ಕುಂಚ ಕೊಟ್ಟವನು.

“ಅದು ತಪ್ಪಿ ಬರೆದದ್ದೋ, ಬೇಕೂಂತ ಬರೆದದ್ದೋ?” ಅಂದ.

“ತಪ್ಪಿ.”

“ಥೂ. ಬೇಕೂಂತ ಅಂದುಬಿಟ್ಟಿದ್ರೆ ಇಷ್ಟು ಹೊತ್ತಿಗೆ ಬೀದಿಯೋರು ನಿನ್ನ ಹೊತ್ಕೊಂಡು ಕುಣೀತಿದ್ರು.”

ನಾವಿಬ್ಬರೂ ಅಂಗಡಿಗಳಿಗೆ ಬೋರ್ಡು ಬರೆಯುವವರು. ಬೋರ್ಡಿನ ಮೇಲೆ ನಾನು ಈವರೆಗೆ ಒಂದು ತಪ್ಪೂ ಮಾಡಿಲ್ಲ. ಅಲ್ಲಿ ನಾನು ಬರೆಯುವುದಿಲ್ಲ, ಬಿಡಿಸುತ್ತೇನೆ. ಯಾವ ಅಕ್ಷರದ ಹೊಟ್ಟೆ ಎಷ್ಟು ದಪ್ಪ, ಯಾವ ಒತ್ತಿಗೆ ಕೆಳಗೆ ಎಷ್ಟು ಬೆರಳು ಜಾಗ ಬಿಡಬೇಕು, ಎಲ್ಲ ಕೈಗೇ ಗೊತ್ತು. ಕಾಗದ, ಪೆನ್ನು ಕೊಟ್ಟರೆ ಮಾತ್ರ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಬಣ್ಣ ಬಯಲಾಗುತ್ತದೆ.

ಪುರಸಭೆ ಕೈಹಾಕಿದ್ದು ಆ ಅಕ್ಷರಗಳಿಗೇ. ಹೊಸ ಫಲಕ ತೆರಿಗೆ: ಪ್ರತಿ ಬೋರ್ಡಿನಲ್ಲಿ ಆರು ಅಕ್ಷರ ಬಿಟ್ಟಿ, ಏಳನೆಯದರಿಂದ ಒಂದೊಂದಕ್ಕೂ ವರ್ಷ ವರ್ಷ ಕಟ್ಟಬೇಕು. ಆಮೇಲೆ ನಮ್ಮ ಅಂಗಡಿಗೆ ಹೊಸ ಬೋರ್ಡಿನ ಕೆಲಸ ಒಂದೂ ಬರಲಿಲ್ಲ. ಬಂದವರೆಲ್ಲ ಇದ್ದದ್ದನ್ನು ಕೆರೆದುಕೊಡು ಅನ್ನುವವರೇ. ನಾನೇ ಎರಡು ದಿನ ಕೂತು ಬರೆದ ‘ಹೊಸ ಮಾದರಿ ಉಡುಪು ಹೊಲಿಯಲಾಗುವುದು’ ಅನ್ನುವುದನ್ನು ದರ್ಜಿ ಅಣ್ಣ ‘ಉಡುಪು ಹೊಲಿ’ ಅಂತ ಉಳಿಸಿಕೊಂಡ. ಮಾರನೇ ದಿನ ಒಬ್ಬಳು ಅಜ್ಜಿ ಬೋರ್ಡು ಓದಿ, “ನಾನ್ಯಾಕೆ ಹೊಲೀಲಿ, ನೀನೇ ಹೊಲಿ,” ಅಂತ ಬೈದು ಹೋದಳು.

ಹೀಗೇ ಇನ್ನೊಂದು ತಿಂಗಳು ನಡೆದರೆ ಅಂಗಡಿ ಬಿಟ್ಟುಕೊಟ್ಟು ಗೋಡೆಗೆ ಸುಣ್ಣ ಬಳಿಯೋಕೆ ಹೋಗೋಣ ಅಂದಿದ್ದ ಮಾವ. ಸುಮ್ಮನೆ ಹೇಳುವವನಲ್ಲ ಅವನು. ಸುಣ್ಣದ ಕುಂಚ ಎರಡು ತಂದೂ ಇಟ್ಟಿದ್ದ. ಅವನ್ನು ನೋಡಿದಾಗಲೆಲ್ಲ ಯಾರನ್ನಾದರೂ ಕಚ್ಚಿಬಿಡೋಣ ಅನ್ನಿಸುತ್ತಿತ್ತು ನನಗೆ.

ಅವಮಾನ ಆದ ಮರುದಿನ ಹಲ್ಲಿನ ಡಾಕ್ಟರಮ್ಮ ತೆರಿಗೆ ಚೀಟಿ ಹಿಡಿದುಕೊಂಡು ಬಂದರು. ಅವರ ಬೋರ್ಡಿನಲ್ಲಿ ಇರುವುದು ‘ದಂತ ವೈದ್ಯರು’ ಅಷ್ಟೇ.

“ಇದು ಐದೇ ಅಕ್ಷರ ತಾನೆ? ಏಳು ಅಂತ ಹಾಕಿದ್ದಾರೆ, ನೋಡಪ್ಪ.”

ಚೀಟಿಯ ಮೇಲೆ ಪುರಸಭೆಯ ಗುಮಾಸ್ತರು ಬಿಡಿಸಿ ಬರೆದಿದ್ದರು. ಯಾವಾಗಲೂ ಕೈಯಲ್ಲಿ ಒಂದು ಸ್ಟೀಲಿನ ಸ್ಕೇಲು ಇರುವುದರಿಂದ ಅವರಿಗೆ ಸ್ಕೇಲ್ ಸಾಹೇಬರು ಅಂತಲೇ ಹೆಸರು. ದ, ಸೊನ್ನೆ, ತ, ವೈ, ದ, ಯ ಒತ್ತು, ರು. ಏಳು.

“ಒತ್ತೂ ಸೇರಿಸಿದ್ದಾರೆ, ಸೊನ್ನೆಯನ್ನೂ ಬಿಟ್ಟಿಲ್ಲ,” ಅಂದೆ.

“ಸೊನ್ನೆಗೂ ತೆರಿಗೆನಾ?” ಡಾಕ್ಟರಮ್ಮ ಬಾಯಿ ಬಿಟ್ಟುಕೊಂಡು ನಿಂತರು. ಬೇರೆಯವರ ಬಾಯಿ ಬಿಡಿಸುವುದು ಅವರ ಕೆಲಸ. “ಲೋಕದಲ್ಲಿ ಯಾವ ಸರ್ಕಾರಾನಾದ್ರೂ ಸೊನ್ನೆ ಮೇಲೆ ತೆರಿಗೆ ಹಾಕಿರೋದು ಕೇಳಿದ್ದೀಯಾ?”

ಚೀಟಿಯ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ನಿಯಮಗಳಿದ್ದವು. ಡಾಕ್ಟರಮ್ಮನ ಕೈಯಲ್ಲೇ ಓದಿಸಿದೆ. ಕೊನೆಯ ನಿಯಮ ಹೀಗಿತ್ತು: ಅಕ್ಷರಗಳ ಸಂಖ್ಯೆಯ ಬಗ್ಗೆ ಸಂಶಯವುಳ್ಳವರು ತಮ್ಮ ಫಲಕವನ್ನು ಕಚೇರಿಗೆ ತಂದು ಎಣಿಸಿಕೊಳ್ಳತಕ್ಕದ್ದು.

ನಾನು ಮಾವನ ಮುಖ ನೋಡಿದೆ. ಮಾವ ಕುಂಚ ಕೆಳಗಿಟ್ಟ.

ಸಂಜೆಯೊಳಗೆ ಬೀದಿ ಪೂರ್ತಿ ತಿರುಗಿದೆ. “ನಿಮ್ಮ ಬೋರ್ಡಿನ ಬಗ್ಗೆ ಸಂಶಯ ಇದೆಯಾ?” ಅಂತ ಕೇಳುವುದು. “ಇಲ್ಲವಲ್ಲ,” ಅಂದರೆ, “ಬರಿಸಿಕೊಳ್ಳಿ,” ಅನ್ನುವುದು. ದರ್ಜಿ ಅಣ್ಣ ಮಾತ್ರ ಜಗ್ಗಲಿಲ್ಲ.

“ಲೋ, ಇವೆಲ್ಲ ಮಾಡಿದ್ರೆ ಅವರು ಕೇಳಿಸ್ಕೋತಾರೇನೋ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.”

“ಬಾರಿಸಬೇಡ ಮಾರಾಯ,” ಅಂದ ಮಾವ. “ದಾರಿಗೆ ಅಡ್ಡ ಇಡು. ಎಡವಿದಾಗ ನೋಡುತ್ತೆ.”

ಸೋಮವಾರ ಬೆಳಿಗ್ಗೆ ದರ್ಜಿ ಅಣ್ಣನೊಬ್ಬನನ್ನು ಬಿಟ್ಟು ಬೀದಿಯ ಅಂಗಡಿಯವರೆಲ್ಲ ಬೋರ್ಡು ಕಳಚಿ, ಹೆಗಲ ಮೇಲೆ ಹೊತ್ತು, ಪುರಸಭೆಯ ಮುಂದೆ ಸಾಲಾಗಿ ನಿಂತರು. ಘೋಷಣೆ ಇಲ್ಲ, ಬಾವುಟ ಇಲ್ಲ. ಗೇಟಿನ ಕಾವಲುಗಾರ ಓಡಿಬಂದ.

“ಏನ್ರೋ ಇದು, ಪ್ರತಿಭಟನೆನಾ?”

“ಅಲ್ಲಣ್ಣ, ಸಂಶಯ,” ಅಂದೆ. “ಎಲ್ಲರಿಗೂ ಒಂದೇ ದಿನ ಬಂದುಬಿಟ್ಟಿದೆ.”

ಸಾಲು ಉದ್ದವಾದ ಹಾಗೆ ಬೋರ್ಡುಗಳೇ ಮಾತಾಡತೊಡಗಿದವು. ಡಾಕ್ಟರಮ್ಮನ ‘ದಂತ ವೈದ್ಯರು’ ಪಕ್ಕದಲ್ಲಿ ಗುಜರಿಯವನ ‘ಹಳೆಯದನ್ನು ಕೊಳ್ಳುತ್ತೇವೆ’ ಬಂದು ನಿಂತಿತು. ಪಂಕ್ಚರ್ ಅಂಗಡಿಯವನು ಸುಸ್ತಾಗಿ ತನ್ನ ಬೋರ್ಡನ್ನು ಕಚೇರಿಯ ಹೆಸರಿನ ಕೆಳಗೇ ಒರಗಿಸಿದ. ದಾರಿಯಲ್ಲಿ ಹೋಗುವವರಿಗೆ ‘ಪುರಸಭೆ ಕಾರ್ಯಾಲಯ, ಗಾಳಿ ತುಂಬಲಾಗುವುದು’ ಅಂತ ಕಾಣಿಸುತ್ತಿತ್ತು. ಬಸ್ಸಿನವನು ಬಸ್ಸು ನಿಲ್ಲಿಸಿ ಪ್ರಯಾಣಿಕರಿಗೆಲ್ಲ ಓದಿ ಹೇಳಿದ. ಹನ್ನೊಂದು ಗಂಟೆಗೆ ನೋಡುತ್ತೇನೆ, ಸಾಲಿನ ಕೊನೆಯಲ್ಲಿ ದರ್ಜಿ ಅಣ್ಣ. ಕಂಕುಳಲ್ಲಿ ‘ಉಡುಪು ಹೊಲಿ.’

“ಸಂಶಯ ಬಂತಾ?” ಅಂದೆ.

“ಮನೆಯವಳಿಗೆ ಬಂತು. ನನ್ನ ಕಳಿಸಿದಳು.”

ಒಳಗೆ ಸ್ಕೇಲ್ ಸಾಹೇಬರು ಒಂದೊಂದು ಅಕ್ಷರಕ್ಕೂ ಸ್ಕೇಲು ತಾಗಿಸಿ ಎಣಿಸುತ್ತಿದ್ದರು. ನನ್ನ ಸರದಿ ಬಂದಾಗ ನಮ್ಮ ಅಂಗಡಿಯ ಬೋರ್ಡನ್ನು ಮೇಜಿನ ಮೇಲಿಟ್ಟೆ: ‘ಅಕ್ಷರ ಕಲೆ.’

“ಸಾರ್, ಅಕ್ಷರ ಅನ್ನೋದರಲ್ಲಿ ಎಷ್ಟು ಅಕ್ಷರ?”

“ಅ, ಕ, ಷ ಒತ್ತು, ರ. ನಾಲ್ಕು.”

ಅಷ್ಟರಲ್ಲಿ ಗಲಾಟೆ ಕೇಳಿ ಮುಖ್ಯಾಧಿಕಾರಿ ಹೊರಗೆ ಬಂದಿದ್ದರು. “ಮೂರು ಕಣ್ರೀ,” ಅಂದರು. “ಕ್ಷ ಅನ್ನೋದು ಒಂದೇ ಅಕ್ಷರ. ಇಷ್ಟೂ ಗೊತ್ತಿಲ್ವಾ?”

“ಒತ್ತು ಬಿಡಬೇಡಿ ಅಂತ ತಾವೇ ಹೇಳಿದ್ದು ಸಾರ್,” ಅಂದರು ಸ್ಕೇಲ್ ಸಾಹೇಬರು.

“ಬೇರೆ ಒತ್ತು ಬೇರೆ, ಇದು ಬೇರೆ.”

“ಹಾಗಾದ್ರೆ ನನ್ನ ದ್ಯ ಏನು ಪಾಪ ಮಾಡಿದೆ?” ಅಂದರು ಹಿಂದಿನಿಂದ ಡಾಕ್ಟರಮ್ಮ. “ಅದೂ ಒಂದೇ ಅಲ್ವಾ? ಸೊನ್ನೆ ವಿಷಯ ಆಮೇಲೆ ಕೇಳ್ತೀನಿ.”

ಒಳಗಿನ ಕೋಣೆಯಿಂದ ಇನ್ನಿಬ್ಬರು ಬಂದರು. ಒಬ್ಬರು ಮೂರು ಅಂದರು, ಇನ್ನೊಬ್ಬರು ಮೂರೂವರೆ ಅಂತ ರಾಜಿ ಮಾಡಿಸೋಕೆ ನೋಡಿದರು. ಸ್ಕೇಲ್ ಸಾಹೇಬರು ಮಾತ್ರ ನಾಲ್ಕರಿಂದ ಕದಲಲಿಲ್ಲ. ಹದಿನೆಂಟು ವರ್ಷದ ಸರ್ವಿಸ್‌ನಲ್ಲಿ ತಾನು ಎಣಿಸಿದ್ದು ಒಂದೇ ಒಂದು ಸಲವೂ ತಪ್ಪಿಲ್ಲ ಅಂತ ಹಟಕ್ಕೆ ಬಿದ್ದರು.

ನಾನು ಕೈಮುಗಿದು ಕೇಳಿದೆ, “ಎಷ್ಟಾದ್ರೂ ಆಗಲಿ ಸಾರ್, ಬರೆದು ಸಹಿ ಹಾಕಿಕೊಡಿ. ಎಣಿಸಿಕೊಂಡು ಹೋಗೋದು ನಮ್ಮ ಕರ್ತವ್ಯ ಅಂತ ನಿಮ್ಮ ನಿಯಮದಲ್ಲೇ ಇದೆ.”

ಸಹಿ ಅಂದ ಕೂಡಲೇ ನಾಲ್ವರೂ ಪೆನ್ನು ಜೇಬಿಗೆ ಸೇರಿಸಿದರು. ಅದಕ್ಕೆ ಮೇಲಿನವರ ಒಪ್ಪಿಗೆ ಬೇಕಂತೆ.

“ಕಾಯ್ತೀವಿ,” ಅಂದ ಮಾವ.

ಬೋರ್ಡುಗಳನ್ನು ಮೆಟ್ಟಿಲ ಮೇಲೆ, ಪಡಸಾಲೆಯಲ್ಲಿ, ಕಿಟಕಿಗೆ ಒರಗಿಸಿ ನಾವು ನಾಲ್ಕು ದಿನ ಕಾದೆವು. ಒಳಗಿನವರು ಚಹಾಕ್ಕೆ ಹೋಗಬೇಕಾದರೂ ಬೋರ್ಡು ದಾಟಿ, ಒಂಟಿ ಕಾಲಲ್ಲಿ ಕುಂಟಾಬಿಲ್ಲೆ ಆಡಿಕೊಂಡು ಹೋಗಬೇಕು. ಊರೊಳಗೆ ಯಾವ ಅಂಗಡಿ ಎಲ್ಲಿ ಅಂತ ಗೊತ್ತಾಗದೆ, ಹಲ್ಲುನೋವಿನವರು ಪಂಕ್ಚರ್ ಅಂಗಡಿಗೆ ಹೋಗಿ ಬಾಯಿ ತೆರೆದರು. ಹಾಗೆ ದಾರಿ ತಪ್ಪಿದವರೆಲ್ಲ ವಿಚಾರಿಸೋಕೆ ಬರುವುದು ಪುರಸಭೆಗೇ. ಬಂದವರಲ್ಲಿ ಅರ್ಧ ಜನ ಅಲ್ಲೇ ಕೂತು, ಅಕ್ಷರದಲ್ಲಿ ಎಷ್ಟು ಅಕ್ಷರ ಅಂತ ಪಂಥ ಕಟ್ಟುತ್ತಿದ್ದರು. ಅಮ್ಮ ದೊಡ್ಡ ಪಾತ್ರೆಯಲ್ಲಿ ಊಟ ತಂದು ಎಲ್ಲರಿಗೂ ಬಡಿಸಿದಳು, ಸ್ಕೇಲ್ ಸಾಹೇಬರಿಗೂ. ಆ ನಾಲ್ಕು ದಿನ ನಾನು ಎಷ್ಟು ನಕ್ಕೆನೆಂದರೆ, ಕೋಪ ಎಲ್ಲಿ ಇಟ್ಟಿದ್ದೆ ಅಂತ ಹುಡುಕಿಕೊಳ್ಳಬೇಕಾಯಿತು.

ಶುಕ್ರವಾರ ಮಧ್ಯಾಹ್ನ ಮುಖ್ಯಾಧಿಕಾರಿ ಮೆಟ್ಟಿಲ ತುದಿಗೆ ಬಂದು ಒಂದು ಹಾಳೆ ಓದಿದರು. ಫಲಕ ತೆರಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಾಗಿದೆ.

ಬೀದಿ ಹೋ ಎಂದಿತು. ಡಾಕ್ಟರಮ್ಮ ಗುಜರಿಯವನ ಕೈ ಹಿಡಿದು ಕುಲುಕಿದರು. ಪಂಕ್ಚರ್‌ನವನು ಪಂಪು ಎತ್ತಿ ಗಾಳಿಗೇ ಗಾಳಿ ಹೊಡೆದ. ಮಾವ ಕಣ್ಣು ಒತ್ತಿಕೊಂಡು, ಧೂಳು ಧೂಳು ಅಂದ. ದರ್ಜಿ ಅಣ್ಣ ಆಗಲೇ ನನ್ನ ತೋಳು ಹಿಡಿದಿದ್ದ.

“ಮೊದಲು ನಂದು ಬರೀಬೇಕು. ಇನ್ನೂ ನಾಲ್ಕು ಅಕ್ಷರ ಜಾಸ್ತಿ ಹಾಕು, ದುಡ್ಡು ಹೋದ್ರೆ ಹೋಗ್ಲಿ.”

“ನಂದು ಮೊದಲು,” ಅಂದ ಗುಜರಿಯವನು. ನನ್ನ ಸುತ್ತ ಆಗಲೇ ಒಂಬತ್ತು ಜನ.

“ಸುಮ್ನಿರಿ,” ಅಂದರು ಮುಖ್ಯಾಧಿಕಾರಿ. “ಇದು ಯಾರ ಗಲಾಟೆಗೂ ಬಗ್ಗಿ ಮಾಡಿದ್ದಲ್ಲ. ಪುರಸಭೆ ತಾನಾಗೇ ಯೋಚನೆ ಮಾಡಿ ತಗೊಂಡ ತೀರ್ಮಾನ.” ಆಮೇಲೆ ಗುಂಪಿನಲ್ಲಿ ಹುಡುಕಿ ನನ್ನ ಮೇಲೆ ಕಣ್ಣು ನೆಟ್ಟರು. “ಏನಪ್ಪಾ ಪೇಂಟರ್, ನೀನು ಬೋರ್ಡು ಹೊತ್ಕೊಂಡು ಬಂದೆ ಅಂತ ನಾವು ಕೇಳಿಸ್ಕೊಂಡ್ವಿ ಅಂದ್ಕೊಂಡಿದ್ದೀಯಾ?”

ಅರವತ್ತು ತಲೆ ನನ್ನ ಕಡೆ ತಿರುಗಿದವು. ನಾಲಿಗೆ ತುದಿಯಲ್ಲಿ ನಾಲ್ಕು ಉತ್ತರ ಸಿದ್ಧವಿದ್ದವು. ಇಷ್ಟು ದಿನ ಕೂತು ಮಸೆದವು, ಒಂದಕ್ಕಿಂತ ಒಂದು ಚೂಪು. ನಿಜ ಹೇಳಬೇಕೆಂದರೆ ಅವರು ಕೇಳಿಸಿಕೊಂಡರೋ, ಎಣಿಸಿ ಎಣಿಸಿ ಸುಸ್ತಾದರೋ ನನಗೂ ಗೊತ್ತಿರಲಿಲ್ಲ. ಬಿಸಿಲು ಚೆನ್ನಾಗಿತ್ತು. ಇಂಥ ಬಿಸಿಲಿಗೆ ಬಣ್ಣ ಗಂಟೆಯೊಳಗೆ ಒಣಗುತ್ತದೆ, ಸಂಜೆಯೊಳಗೆ ಮೂರು ಬೋರ್ಡಾದರೂ ಮುಗಿಯುತ್ತವೆ.

ಮಾವ ನಮ್ಮ ಬೋರ್ಡಿನ ಒಂದು ಕಡೆ ಹಿಡಿದ, ನಾನು ಇನ್ನೊಂದು ಕಡೆಗೆ ಹೆಗಲು ಕೊಟ್ಟು, ಮೆಟ್ಟಿಲಿಳಿದು ಅಂಗಡಿ ಕಡೆ ನಡೆದೆ.